ಗಾಳಕ್ಕೆ ದೈತ್ಯ ಮುರು ಬಿದ್ದರೆ ಏನು ಮಾಡಬೇಕು?

ಕರಾವಳಿಯ ಮೀನು ಮಾರುಕಟ್ಟೆ ಕಂಡವರಿಗೆ ಮುರು ಮೀನಿನ ಪರಿಚಯ ಹೇಳಬೇಕಾಗಿಲ್ಲ. ಮುಳ್ಳಿನ ಕಾಟ ಕಡಿಮೆ, ಮಾಂಸ ಗಟ್ಟಿ, ಸಾರಿಗೂ ಆಗುತ್ತದೆ, ಹುರಿಯುವುದಕ್ಕೂ ಆಗುತ್ತದೆ. ದರ ಮಾತ್ರ ಕೈ ಸುಡುತ್ತದೆ. ಆದರೆ ಈ ಬಳಗದ ಹಿರಿಯನೊಬ್ಬನನ್ನು ಹಿಡಿಯುವಂತಿಲ್ಲ, ಮಾರುವಂತಿಲ್ಲ, ಮನೆಯಲ್ಲಿ ಇಟ್ಟುಕೊಳ್ಳುವಂತೆಯೂ ಇಲ್ಲ. ಇಂಗ್ಲಿಷಿನಲ್ಲಿ ಜೈಂಟ್ ಗ್ರೂಪರ್, ವಿಜ್ಞಾನದಲ್ಲಿ ಎಪಿನೆಫೆಲಸ್ ಲ್ಯಾನ್ಸಿಯೊಲೇಟಸ್. ಈ ಬರಹದಲ್ಲಿ ದೈತ್ಯ ಮುರು ಎನ್ನುತ್ತೇನೆ. ಹವಳದ ಬಂಡೆಗಳಲ್ಲಿ ಬದುಕುವ ಮೂಳೆಮೀನುಗಳಲ್ಲಿ ಇದಕ್ಕಿಂತ ದೊಡ್ಡದಿಲ್ಲ: ಉದ್ದ 2.7 ಮೀಟರಿನವರೆಗೆ, ತೂಕ 400 ಕಿಲೋವರೆಗೆ. ಕೆಂಪು ಸಮುದ್ರ, ದಕ್ಷಿಣ ಆಫ್ರಿಕಾದಿಂದ ಹಿಡಿದು ನಮ್ಮ ಅರಬ್ಬೀ ಸಮುದ್ರವನ್ನೂ ಸೇರಿಸಿಕೊಂಡು ಹವಾಯಿಯವರೆಗೆ ಇದರ ಸಂಚಾರ.

ಭಾರತದಲ್ಲಿ 2001ರಲ್ಲಿ ಇದನ್ನು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ, ಅಂದರೆ ಹುಲಿ, ಆನೆಗಳಿರುವ ಪಟ್ಟಿಗೆ ಸೇರಿಸಲಾಯಿತು. ತಿಮಿಂಗಿಲ ಶಾರ್ಕ್, ಗರಗಸ ಮೀನು, ಕಡಲಕುದುರೆಗಳೂ ಅದೇ ವರ್ಷ ಪಟ್ಟಿಗೆ ಬಂದವು. ತಿಮಿಂಗಿಲ ಶಾರ್ಕ್ ಹಿಡಿಯಬಾರದು ಎಂದು ಬಂದರಿನ ಮಕ್ಕಳಿಗೂ ಗೊತ್ತು. ದೈತ್ಯ ಮುರುವಿನ ವಿಷಯ ಹಾಗಲ್ಲ. ಅದು ನೋಡಲು ಥೇಟ್ ಮುರುವೇ. ಮುರು ಹರಾಜಿನಲ್ಲಿ ದಿನವೂ ಮಾರಾಟವಾಗುವ ಮೀನು. ಪ್ರಕರಣ ದಾಖಲಾಗುವಷ್ಟರಲ್ಲಿ ಮೀನಂತೂ ಸತ್ತಿರುತ್ತದೆ. ಆದ್ದರಿಂದ ಈ ಮೀನು ಉಳಿಯುವುದೂ ಅಳಿಯುವುದೂ ಹೆಚ್ಚಿನ ಪಾಲು ನಿರ್ಧಾರವಾಗುವುದು ಅದು ನೀರಿನ ಮೇಲೆ ಬಂದ ಮೊದಲ ಕೆಲವು ನಿಮಿಷಗಳಲ್ಲಿ, ದೋಣಿಯಲ್ಲಿರುವವರ ಕೈಯಲ್ಲಿ. ಗಾಳ ಹಾಕುವ ಹವ್ಯಾಸಿಗಳು, ನಾಡದೋಣಿಯವರು, ಮೀನು ಕೊಳ್ಳುವವರು, ನೇತ್ರಾಣಿ ದ್ವೀಪಕ್ಕೆ ಡೈವಿಂಗಿಗೆ ಹೋಗುವವರು ಎಲ್ಲರನ್ನೂ ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ.

ಮೊದಲ ಹೆಜ್ಜೆ: ಗುರುತು ಹಿಡಿಯುವುದು

ಇಲ್ಲಿ ಅವಸರ ಬೇಡ. ಮುಂದಿನದೆಲ್ಲ ಇದರ ಮೇಲೆ ನಿಂತಿದೆ. ನಮ್ಮ ಕಡೆ ಸಿಗುವ ಮುರುಗಳಲ್ಲಿ ಗೊಂದಲ ಹುಟ್ಟಿಸುವವು ಮುಖ್ಯವಾಗಿ ಎರಡು: ಮಲಬಾರ್ ಮುರು ಮತ್ತು ಕಿತ್ತಳೆ ಚುಕ್ಕಿಯ ಮುರು. ಎರಡೂ ಮಾರುಕಟ್ಟೆಯ ಮೀನುಗಳು, ಎರಡೂ ಒಂದು ಮೀಟರ್ ದಾಟಿ ಬೆಳೆಯಬಲ್ಲವು.

ಮೊದಲು ಮೈಮೇಲಿನ ಚುಕ್ಕಿ ನೋಡಿ. ಕಿತ್ತಳೆ ಚುಕ್ಕಿಯ ಮುರುವಿನ ತಲೆ, ಮೈ ಎರಡರಲ್ಲೂ ಕಿತ್ತಳೆ ಅಥವಾ ಕೆಂಗಂದು ಬಣ್ಣದ ಸಣ್ಣ ಚುಕ್ಕಿಗಳು ಒತ್ತೊತ್ತಾಗಿ ಇರುತ್ತವೆ. ಪಕ್ಕೆಯಲ್ಲಿ ಐದು ಮಸುಕಾದ ಓರೆಪಟ್ಟಿಗಳು ಕಾಣುತ್ತವೆ. ಮಲಬಾರ್ ಮುರುವಿನ ಮೈಮೇಲೆ ಕಪ್ಪು ಕಂದು ಚುಕ್ಕಿಗಳ ಜೊತೆಗೆ ತಿಳಿ ಬಣ್ಣದ ಕಲೆಗಳು ಬೆರೆತಿರುತ್ತವೆ. ಬೆಳೆದ ದೈತ್ಯ ಮುರುವಿನ ಮೈಮೇಲೆ ಇಂಥ ಸ್ಪಷ್ಟ ಚುಕ್ಕಿಗಳಿಲ್ಲ. ಬೂದುಗಂದು ಮೈ, ಅದರ ಮೇಲೆ ಮಸಕು ಮಸಕಾದ ಕಲೆ. ಚುಕ್ಕಿಗಳಿರುವುದು ಈಜುರೆಕ್ಕೆಗಳಲ್ಲಿ. ಬೆನ್ನಿನ ರೆಕ್ಕೆ, ಎದೆಯ ರೆಕ್ಕೆ, ಬಾಲ ಎಲ್ಲೆಡೆ ಸಣ್ಣ ಕಪ್ಪು ಚುಕ್ಕಿಗಳ ಜಾತ್ರೆ. ಮೈ ಖಾಲಿ, ರೆಕ್ಕೆ ಚುಕ್ಕಿ: ಇಷ್ಟು ನೆನಪಿದ್ದರೆ ಅರ್ಧ ಕೆಲಸ ಆಯಿತು.

ಇನ್ನರ್ಧಕ್ಕೆ ಮುಖ ನೋಡಿ. ದೈತ್ಯ ಮುರುವಿನ ತಲೆ ಅಗಲ, ಬಾಯಿ ದೊಡ್ಡದು, ಕಣ್ಣು ಮಾತ್ರ ಆ ತಲೆಗೆ ಹೊಂದದಷ್ಟು ಚಿಕ್ಕದು. ಬೆನ್ನಿನ ರೆಕ್ಕೆಯಲ್ಲಿ 11 ಮುಳ್ಳುಗಳು. ಬಾಲದ ಅಂಚು ದುಂಡಗೆ, ಕವಲಿಲ್ಲ. ಅಳತೆಯ ಲೆಕ್ಕದಲ್ಲಿ ನನ್ನದೊಂದು ಒರಟು ನಿಯಮವಿದೆ: ಒಂದೂವರೆ ಮೀಟರ್ ದಾಟಿದ ಮುರು ಯಾವುದೇ ಇರಲಿ, ದೈತ್ಯ ಮುರು ಎಂದೇ ತಿಳಿದು ನಡೆದುಕೊಳ್ಳಿ. ತಪ್ಪಿದರೆ ನಷ್ಟ ಒಂದು ಮೀನಿನದು ಮಾತ್ರ.

ನಿಜವಾಗಿ ಮೋಸ ಹೋಗುವುದು ಮರಿಗಳ ವಿಷಯದಲ್ಲಿ. ದೈತ್ಯ ಮುರುವಿನ ಮರಿ ತಾಯಿಯನ್ನು ಎಳ್ಳಷ್ಟೂ ಹೋಲುವುದಿಲ್ಲ. ಮೈ ಹಳದಿ, ಅದರ ಮೇಲೆ ಅಂಕುಡೊಂಕಾದ ಮೂರು ದಪ್ಪ ಕಪ್ಪು ಪಟ್ಟಿಗಳು: ಒಂದು ಬೆನ್ನಿನ ಮುಳ್ಳುರೆಕ್ಕೆಯಿಂದ ಹೊಟ್ಟೆಯವರೆಗೆ ಇಳಿದು ತಲೆಯತ್ತಲೂ ಚಾಚಿಕೊಳ್ಳುತ್ತದೆ, ಇನ್ನೊಂದು ಹಿಂಬದಿಯ ಮೃದುರೆಕ್ಕೆಯ ಕೆಳಗೆ, ಮೂರನೆಯದು ಬಾಲದ ಬುಡದಲ್ಲಿ. ಬೆಳೆಯುತ್ತಾ ಹೋದಂತೆ ಕಪ್ಪಿನ ನಡುವೆ ಬಿಳಿ, ಹಳದಿ ಕಲೆಗಳು ಮೂಡಿ, ರೆಕ್ಕೆಗಳಲ್ಲಿ ಕಪ್ಪು ಚುಕ್ಕಿಗಳು ಶುರುವಾಗುತ್ತವೆ. ಈ ಚಂದವೇ ಅದಕ್ಕೆ ಮುಳುವು. ಅಲಂಕಾರಿಕ ಮೀನಿನ ವಹಿವಾಟಿನಲ್ಲಿ ಇದಕ್ಕೆ ಬಂಬಲ್‌ಬೀ ಗ್ರೂಪರ್ ಎಂಬ ಮುದ್ದಿನ ಹೆಸರಿದೆ. ಬೆಂಗಳೂರಿನಲ್ಲಿ ಕುಳಿತು ಸಮುದ್ರದ ಅಕ್ವೇರಿಯಂ ಇಟ್ಟುಕೊಂಡವರಿಗೆ ಒಂದು ಮಾತು: ಬೆರಳುದ್ದದ ಆ ಹಳದಿ ಮರಿ ತೊಟ್ಟಿಯಲ್ಲಿನ ಉಳಿದ ಮೀನುಗಳನ್ನೆಲ್ಲ ನುಂಗಿದ ಮೇಲೂ ಬೆಳೆಯುತ್ತಲೇ ಇರುತ್ತದೆ, ಮತ್ತು ಅದನ್ನು ಇಟ್ಟುಕೊಳ್ಳುವುದು ಕಾನೂನಿಗೆ ವಿರುದ್ಧ.

ಎರಡನೆಯ ಹೆಜ್ಜೆ: ಎಲ್ಲಿ ಸಿಗಬಹುದು ಎಂದು ಅಂದಾಜು ಮಾಡುವುದು

ದೈತ್ಯ ಮುರು ಓಡಾಡಿ ಬೇಟೆಯಾಡುವ ಜಾತಿಯದಲ್ಲ. ಬಂಡೆಯ ಪೊಟರೆ, ಮುಳುಗಿದ ಹಡಗಿನ ಅವಶೇಷ, ಜೆಟ್ಟಿಯ ಕಂಬಗಳ ಕತ್ತಲು ಇವೇ ಅದರ ಮನೆ. ಹೆಚ್ಚಾಗಿ ಒಂಟಿ. ಬೇಟೆ ಹತ್ತಿರ ಬಂದಾಗ ಬಾಯಿಯನ್ನು ತಟ್ಟನೆ ಅಗಲಿಸುತ್ತದೆ. ನೀರಿನ ಸಮೇತ ಬೇಟೆ ಒಳಗೆ. ಲಾಬ್ಸ್ಟರ್, ಏಡಿಗಳೆಂದರೆ ಪಂಚಪ್ರಾಣ. ತೊರಕೆ, ಸಣ್ಣ ಶಾರ್ಕ್, ಕಡಲಾಮೆಯ ಮರಿಗಳೂ ಹೊಟ್ಟೆಯಲ್ಲಿ ಸಿಕ್ಕಿವೆ. ಮನುಷ್ಯರನ್ನು ನುಂಗುವ ಕತೆಗಳನ್ನು ನಾನು ನಂಬುವುದಿಲ್ಲ. ಆದರೆ ಈಟಿಗೆ ಸಿಕ್ಕಿದ ಮೀನನ್ನು ಸೊಂಟಕ್ಕೆ ಕಟ್ಟಿಕೊಂಡು ಈಜುವವರ ಹತ್ತಿರ ಇಷ್ಟು ದೊಡ್ಡ ಮೀನು ಕುತೂಹಲದಿಂದ ಬಂದರೆ ಆಶ್ಚರ್ಯವಿಲ್ಲ.

ಉಪ್ಪು ಕಡಿಮೆಯಿರುವ ನೀರಿನಲ್ಲೂ ಇದು ಬದುಕುತ್ತದೆ. ಮರಿಗಳು ಬಂಡೆಗಳಲ್ಲಿ ಮಾತ್ರವಲ್ಲ, ಅಳಿವೆಗಳಲ್ಲೂ ಕಾಣಿಸಿಕೊಳ್ಳುತ್ತವೆ. ಆದ್ದರಿಂದ ಗಾಳಕ್ಕೆ ಇದು ಬೀಳುವುದು ಆಳಸಮುದ್ರದಲ್ಲೇ ಆಗಬೇಕೆಂದಿಲ್ಲ. ಕಡಲಕೊರೆತಕ್ಕೆ ಹಾಕಿದ ಕಲ್ಲಿನ ತಡೆಗೋಡೆಯ ಮೇಲೆ ಕುಳಿತು ಸಂಜೆ ಗಾಳ ಹಾಕುವವರಿಗೂ, ಹಿನ್ನೀರಿನಲ್ಲಿ ಏಡಿ ಬಲೆ ಇಡುವವರಿಗೂ ಸಿಗಬಹುದು.

ಬಂಡೆ ಬುಡದಲ್ಲಿ ಬದುಕುವ ಮೀನು ಅಪಾಯ ಕಂಡ ಕೂಡಲೇ ಪೊಟರೆಗೆ ನುಗ್ಗುತ್ತದೆ. ದಾರ ಕಲ್ಲಿಗೆ ಉಜ್ಜಿ ತುಂಡಾಗುತ್ತದೆ. ಗಾಳ ಬಾಯಲ್ಲೇ, ಮೀಟರುಗಟ್ಟಲೆ ದಾರ ಹಿಂದೆ. ಮುರು ಇರುವ ಜಾಗದಲ್ಲಿ ತೆಳು ದಾರ ಹಾಕಿ ಗಂಟೆಗಟ್ಟಲೆ ಹೋರಾಡುವುದನ್ನು ಕೆಲವರು ಶೌರ್ಯ ಎಂದುಕೊಳ್ಳುತ್ತಾರೆ. ಅದು ಮೀನನ್ನು ದಣಿಸಿ ಕೊಲ್ಲುವ ವಿಧಾನ, ಅಷ್ಟೆ.

ಇಷ್ಟು ದೊಡ್ಡ ಮೀನು ಯಾಕೆ ಇಷ್ಟು ಸುಲಭವಾಗಿ ಕಡಿಮೆಯಾಗುತ್ತದೆ?

ಹೆಜ್ಜೆಗಳ ನಡುವೆ ಇದಕ್ಕೊಂದು ಜಾಗ ಬೇಕು. ಮುರುಗಳ ಬಳಗದಲ್ಲಿ ಹೆಚ್ಚಿನವು ಮೊದಲು ಹೆಣ್ಣಾಗಿದ್ದು, ದೊಡ್ಡದಾದ ಮೇಲೆ ಗಂಡಾಗುತ್ತವೆ. ದೊಡ್ಡವನ್ನೇ ಆರಿಸಿ ಹಿಡಿದರೆ ಗಂಡುಗಳೇ ಕೊರತೆಯಾಗುತ್ತವೆ. ಪ್ರಾಯಕ್ಕೆ ಬರಲು ವರ್ಷಗಳೇ ಹಿಡಿಯುತ್ತವೆ. ಮೊಟ್ಟೆಯಿಡುವ ಕಾಲದಲ್ಲಿ ಅನೇಕ ಜಾತಿಯ ಮುರುಗಳು ಒಂಟಿತನ ಬಿಟ್ಟು, ವರ್ಷ ವರ್ಷವೂ ಅದೇ ಜಾಗದಲ್ಲಿ ಗುಂಪುಗೂಡುತ್ತವೆ. ಜಾಗ ಗೊತ್ತಾದ ದೋಣಿಗೆ ಅದು ಹಬ್ಬ. ಒಂದಿಷ್ಟು ದಿನಗಳಲ್ಲಿ ಸುತ್ತಲಿನ ಕಡಲಿನ ತಾಯಿಮೀನುಗಳೆಲ್ಲ ಖಾಲಿ.

ಇದನ್ನು ಅತ್ಯಂತ ಸ್ಪಷ್ಟವಾಗಿ ತೋರಿಸಿದ್ದು ನಮ್ಮ ಮುರುವಿನ ಅಟ್ಲಾಂಟಿಕ್ ದಾಯಾದಿ, ಫ್ಲಾರಿಡಾದ ಗೊಲಾಯತ್ ಗ್ರೂಪರ್. 1961ರಲ್ಲಿ ಅಲ್ಲಿನ ಫರ್ನಾಂಡಿನಾ ಬೀಚಿನಲ್ಲಿ ಗಾಳಕ್ಕೆ ಬಿದ್ದ ಒಂದು ಮೀನು 308 ಕಿಲೋ ತೂಗಿತ್ತು. ಅಂಥವನ್ನು ಹಿಡಿದು ಜೆಟ್ಟಿಯಲ್ಲಿ ನೇತುಹಾಕಿ ಫೋಟೋ ತೆಗೆಸಿಕೊಳ್ಳುವುದು ಆ ಕಾಲದ ಮೋಜು. ಗುಂಪುಗೂಡುವ ಜಾಗಗಳಿಗೆ ಈಟಿ, ಗಾಳ ಎರಡೂ ಹೋದವು. 1980ರ ದಶಕ ಮುಗಿಯುವಷ್ಟರಲ್ಲಿ ಮೀನು ಕಾಣೆಯಾಗುವ ಹಂತಕ್ಕೆ ಬಂದು, 1990ರಲ್ಲಿ ಪೂರ್ತಿ ನಿಷೇಧ ಬಂತು. ಬ್ರೆಜಿಲ್ 2002ರಲ್ಲಿ ನಿಷೇಧಿಸಿತು. ಫ್ಲಾರಿಡಾದಲ್ಲಿ ಮೀನು ನಿಧಾನವಾಗಿ ಚೇತರಿಸಿಕೊಂಡಿತು. ಮೂರು ದಶಕ ಕಳೆದ ಮೇಲೆ, 2023ರಲ್ಲಿ, ಲಾಟರಿ ಎತ್ತಿ ವರ್ಷಕ್ಕೆ 200 ಮೀನುಗಳಿಗೆ ಮಾತ್ರ ಪರವಾನಗಿ ಕೊಡಲು ಶುರುಮಾಡಿದರು; ಅದೂ 61ರಿಂದ 91 ಸೆಂಟಿಮೀಟರ್ ಉದ್ದದವಕ್ಕೆ, ಅಂದರೆ ಪ್ರಾಯಕ್ಕೆ ಬರದವಕ್ಕೆ ಮಾತ್ರ. ಮೊಟ್ಟೆಯಿಡುವ ದೊಡ್ಡವನ್ನು ಮುಟ್ಟುವಂತಿಲ್ಲ.

ಅಲ್ಲಿ ಇನ್ನೊಂದು ಪಾಠವೂ ಇದೆ. ಗೊಲಾಯತ್ ಮರಿಗಳು ಮೊದಲ ಐದಾರು ವರ್ಷ ಮ್ಯಾಂಗ್ರೋವ್ ಬೇರುಗಳ ನಡುವೆ ಕಳೆಯುತ್ತವೆ. 2010ರ ಜನವರಿಯಲ್ಲಿ ಬಂದ ಕಡುಚಳಿಗೆ ಆ ಆಳವಿಲ್ಲದ ನೀರಿನ ಮರಿಗಳು ರಾಶಿ ರಾಶಿಯಾಗಿ ಸತ್ತವು. ಹಿಡಿಯುವುದನ್ನು ನಿಲ್ಲಿಸಿದರೆ ಸಾಲದು, ಮರಿ ಬೆಳೆಯುವ ಜಾಗವೂ ಉಳಿಯಬೇಕು.

ಮೂರನೆಯ ಹೆಜ್ಜೆ: ಬಿಡುವುದು

ತಯಾರಿ ದಡದಲ್ಲೇ ಆಗಬೇಕು. ಸ್ಟೇನ್‌ಲೆಸ್ ಗಾಳ ಬಿಟ್ಟು ಮಾಮೂಲಿ ಉಕ್ಕಿನ ಗಾಳ ಒಯ್ಯಿರಿ. ಬಾಯಲ್ಲಿ ಉಳಿದರೂ ತುಕ್ಕು ಹಿಡಿದು ಕಳಚುತ್ತದೆ. ತುದಿ ಒಳಕ್ಕೆ ಬಾಗಿದ, ದುಂಡನೆಯ ಗಾಳಗಳು ಹೊಟ್ಟೆಗೆ ಇಳಿಯದೆ ಬಾಯಿಯ ಮೂಲೆಯಲ್ಲಿ ಸಿಕ್ಕಿಕೊಳ್ಳುತ್ತವೆ. ಉದ್ದ ಮೂತಿಯ ಇಕ್ಕಳ, ದಾರ ಕತ್ತರಿಸುವ ಕತ್ತರಿ, ಒಂದು ಹರಿತ ಚಾಕು ಕೈಗೆ ಸಿಗುವಂತಿರಲಿ. ಸೀಸದ ದೊಡ್ಡ ಭಾರವೊಂದನ್ನೂ ಇಟ್ಟುಕೊಳ್ಳಿ; ಯಾಕೆಂದು ಮುಂದೆ ಹೇಳುತ್ತೇನೆ.

ಮೀನು ಮೇಲೆ ಬಂದು ದೈತ್ಯ ಮುರು ಎಂದು ಗೊತ್ತಾದ ಕೂಡಲೇ ಅದನ್ನು ದೋಣಿಗೆ ಎಳೆಯುವ ಯೋಚನೆ ಬಿಡಿ. ನೀರಿನಲ್ಲಿ ತೇಲುವಾಗ ಆ ಮೈಭಾರವನ್ನು ನೀರು ಹೊತ್ತಿರುತ್ತದೆ. ಬಾಯಿಗೋ ಕಿವಿರಿಗೋ ಕೈಹಾಕಿ ನೇರವಾಗಿ ಮೇಲೆತ್ತಿದರೆ ಅಷ್ಟೂ ಭಾರ ದವಡೆ, ಬೆನ್ನುಮೂಳೆಗಳ ಮೇಲೆ ಬಿದ್ದು ಒಳಗಿನ ಅಂಗಗಳು ಜಗ್ಗುತ್ತವೆ. ಹೊರಗೆ ಗಾಯ ಕಾಣದೆ ಬಿಟ್ಟ ಮೀನೂ ಆಮೇಲೆ ಸಾಯುತ್ತದೆ. ಕೊಕ್ಕೆ ಹಾಕುವ ಮಾತಂತೂ ಬೇಡ. ದೋಣಿಯ ಪಕ್ಕದಲ್ಲೇ, ನೀರಿನಲ್ಲಿಟ್ಟೇ ಗಾಳ ಬಿಡಿಸಿ. ಗಾಳ ಗಂಟಲಲ್ಲಿ ಇಳಿದಿದ್ದರೆ ಅಗೆಯಲು ಹೋಗಬೇಡಿ. ಬಾಯಿಗೆ ಆದಷ್ಟು ಹತ್ತಿರದಲ್ಲಿ ದಾರ ಕತ್ತರಿಸಿ. ಫೋಟೋ ಬೇಕಿದ್ದರೆ ನೀರಿನಲ್ಲಿರುವಾಗಲೇ ಇನ್ನೊಬ್ಬರು ತೆಗೆಯಲಿ.

ಬಲೆಗೆ ಬಿದ್ದಿದ್ದರೆ ಬಲೆ ಕತ್ತರಿಸಬೇಕಾಗುತ್ತದೆ. ಇದು ಹೇಳುವಷ್ಟು ಸುಲಭವಲ್ಲ, ಬಲೆಯ ಬೆಲೆ ಗೊತ್ತಿದ್ದವರಿಗೆ ಇನ್ನೂ ಕಷ್ಟ. ಕಿವಿರಿನ ಹಿಂದೆ ಸಿಕ್ಕ ದಾರಗಳನ್ನು ಮೊದಲು ಕತ್ತರಿಸಿ. ಕಿವಿರು ಮುಚ್ಚಿಕೊಂಡಿದ್ದರೆ ಮೀನಿಗೆ ಉಸಿರಿಲ್ಲ. ಬಾಲದ ಕಡೆಯಿಂದ ಎಳೆದು ಹಿಂದಕ್ಕೆ ಬಿಡಿಸುವುದೂ ತಪ್ಪು; ನೀರು ಕಿವಿರಿಗೆ ಉಲ್ಟಾ ನುಗ್ಗುತ್ತದೆ.

ಇನ್ನು ಹೊಟ್ಟೆಯ ವಿಷಯ. ಆಳದಿಂದ ಬಂದ ಮುರುವಿನ ಬಾಯಿಯಿಂದ ಬಲೂನಿನಂಥದೊಂದು ಹೊರಬಂದಿರುವುದನ್ನು, ಕಣ್ಣು ಉಬ್ಬಿರುವುದನ್ನು ದೋಣಿಯವರೆಲ್ಲ ಕಂಡಿರುತ್ತಾರೆ. ಮುರುವಿನ ಗಾಳಿಚೀಲಕ್ಕೆ ಬಾಯಿಯ ಕಡೆ ದಾರಿಯಿಲ್ಲ. ಹತ್ತು ಮೀಟರ್ ಆಳದಲ್ಲಿ ನೀರಿನ ಮಟ್ಟದಲ್ಲಿರುವುದರ ಎರಡರಷ್ಟು ಒತ್ತಡವಿರುತ್ತದೆ. ಅಲ್ಲಿಂದ ಮೇಲೆ ಬಂದರೆ ಚೀಲದೊಳಗಿನ ಗಾಳಿ ಇಮ್ಮಡಿಯಾಗುತ್ತದೆ. ಇನ್ನೂ ಆಳದಿಂದ ಬಂದರೆ ಇನ್ನೂ ಹೆಚ್ಚು. ಉಬ್ಬಿದ ಚೀಲ ಜಠರವನ್ನೇ ಬಾಯಿಯಿಂದ ಹೊರಕ್ಕೆ ತಳ್ಳುತ್ತದೆ. ಬಾಯಲ್ಲಿ ಕಾಣುವುದು ಗಾಳಿಚೀಲವೆಂದು ತಿಳಿದು ಚುಚ್ಚುವವರಿದ್ದಾರೆ. ಚುಚ್ಚುವುದು ಜಠರವನ್ನು! ಅದನ್ನು ಮುಟ್ಟಬೇಡಿ, ಒಳಕ್ಕೆ ತುರುಕಲೂ ಹೋಗಬೇಡಿ.

ಇಂಥ ಮೀನನ್ನು ಹಾಗೇ ಬಿಟ್ಟರೆ ಹೊಟ್ಟೆ ಮೇಲಾಗಿ ತೇಲುತ್ತದೆ, ಬಿಸಿಲಿಗೋ ಶಾರ್ಕಿಗೋ ಬಲಿಯಾಗುತ್ತದೆ. ಅದನ್ನು ಮತ್ತೆ ಆಳಕ್ಕೆ ಕಳಿಸಬೇಕು. ಸೀಸದ ಭಾರ ಬೇಕಾಗುವುದು ಇಲ್ಲಿ. ಮುಳ್ಳುಕೊಕ್ಕೆ ಸಪಾಟು ಮಾಡಿದ ಗಾಳವೊಂದನ್ನು ತಲೆಕೆಳಗಾಗಿ ಭಾರದ ಮೇಲೆ ಕಟ್ಟಿ, ಗಾಳದ ಬಾಗಿದ ಕಡೆಗೆ ಉದ್ದ ಹಗ್ಗ ಬಿಗಿಯಿರಿ. ಗಾಳದ ತುದಿಯನ್ನು ಮೀನಿನ ಕೆಳದವಡೆಯ ಪೊರೆಗೆ ಸಿಕ್ಕಿಸಿ ಭಾರದ ಜೊತೆ ಕೆಳಗಿಳಿಸಿ. ಮೀನು ಸಿಕ್ಕಿದ ಆಳ ಮುಟ್ಟಿದ ಮೇಲೆ ಹಗ್ಗವನ್ನು ಒಮ್ಮೆ ಜೋರಾಗಿ ಜಗ್ಗಿದರೆ ಗಾಳ ಕಳಚಿಕೊಳ್ಳುತ್ತದೆ. ಇಳಿಯುವಾಗ ಒತ್ತಡ ಹೆಚ್ಚಿ ಗಾಳಿ ತಾನಾಗಿ ಕುಗ್ಗುತ್ತದೆ, ಜಠರ ತನ್ನ ಜಾಗಕ್ಕೆ ಮರಳುತ್ತದೆ. ಹತ್ತಿಪ್ಪತ್ತು ಕಿಲೋದ ಮೀನಿಗೆ ಇದು ಚೆನ್ನಾಗಿ ಆಗುತ್ತದೆ. ನೂರು ಕಿಲೋದ್ದನ್ನು ಇಳಿಸಲು ದೋಣಿಯ ಲಂಗರೇ ಬೇಕಾದೀತು.

ಉಬ್ಬಿಲ್ಲ, ಬರೀ ದಣಿದಿದೆ ಎಂದಾದರೆ ತಲೆಯನ್ನು ನೀರಿನ ಸೆಳೆತಕ್ಕೆ ಎದುರಾಗಿ ಹಿಡಿದು, ದೋಣಿಯನ್ನು ಮೆಲ್ಲಗೆ ಮುಂದೆ ಬಿಡಿ. ಬಾಯಿಯಿಂದ ಹೊಕ್ಕ ನೀರು ಕಿವಿರಿನಿಂದ ಹೊರಹೋಗುತ್ತಿರಲಿ. ಬಾಲ ಬೀಸಿ ತಾನಾಗಿ ಕೈಯಿಂದ ಜಾರಿಕೊಂಡಾಗ ಬಿಟ್ಟುಬಿಡಿ.

ಸತ್ತಿದ್ದರೆ?

ಬಲೆ ಎತ್ತುವಷ್ಟರಲ್ಲೇ ಸತ್ತಿರುವುದು ಸಾಮಾನ್ಯ, ಅದರಲ್ಲೂ ಟ್ರಾಲ್ ಬಲೆಯಲ್ಲಿ. ಸತ್ತ ಮೀನಿಗೂ ಕಾನೂನು ಅನ್ವಯಿಸುತ್ತದೆ. ಕಾಯ್ದೆಯ 39ನೆಯ ಕಲಮಿನ ಪ್ರಕಾರ ಅದು ಸರ್ಕಾರದ ಸ್ವತ್ತು. ಕೈಗೆ ಬಂದವರು 48 ಗಂಟೆಯೊಳಗೆ ಹತ್ತಿರದ ಪೊಲೀಸ್ ಠಾಣೆಗೋ ಅಧಿಕೃತ ಅಧಿಕಾರಿಗೋ ತಿಳಿಸಬೇಕು. ಬಂದರಿಗೆ ತಂದಿದ್ದರೆ ಅರಣ್ಯ ಇಲಾಖೆಗೆ ತಿಳಿಸಿ. ಮಂಗಳೂರು, ಕಾರವಾರಗಳಲ್ಲಿರುವ ಕೇಂದ್ರೀಯ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಕೇಂದ್ರಗಳಿಗೂ ಒಂದು ಮಾತು ಹೇಳಿದರೆ ಒಳ್ಳೆಯದು. ಉದ್ದ, ಸಿಕ್ಕಿದ ಜಾಗ, ಆಳ, ಬಲೆಯ ಬಗೆ ಇಷ್ಟು ವಿವರ ಸಿಕ್ಕರೂ ಅವರಿಗೆ ಉಪಯೋಗ. ವಿಶ್ವ ಸಂರಕ್ಷಣಾ ಒಕ್ಕೂಟದ ಕೆಂಪುಪಟ್ಟಿಯಲ್ಲಿ ಹಿಂದೆ ಅಪಾಯದಲ್ಲಿದೆ ಎಂದು ಗುರುತಿಸಿದ್ದ ಈ ಮೀನನ್ನು ಈಗ ‘ಮಾಹಿತಿ ಸಾಲದು’ ಎಂಬ ಗುಂಪಿಗೆ ಹಾಕಿದ್ದಾರೆ. ಮಾಹಿತಿ ಸಾಲದು ಎಂದರೆ ಚಿಂತೆಯಿಲ್ಲ ಎಂದಲ್ಲ.

ಮುಚ್ಚಿಟ್ಟು ಮಾರುವುದರ ಅಪಾಯವನ್ನೂ ಹೇಳಿಬಿಡುತ್ತೇನೆ: ಮೊದಲ ಅನುಸೂಚಿಯ ಪ್ರಾಣಿಯ ವಿಷಯದಲ್ಲಿ ತಪ್ಪು ಸಾಬೀತಾದರೆ ಮೂರರಿಂದ ಏಳು ವರ್ಷ ಜೈಲು, 2022ರ ತಿದ್ದುಪಡಿಯ ನಂತರ ಕನಿಷ್ಠ 25,000 ರೂಪಾಯಿ ದಂಡ. ‘ಬಲೆಗೆ ಬಿತ್ತು ಬೃಹತ್ ಮೀನು’ ಎಂದು ಎದೆಯುಬ್ಬಿಸಿ ವಾಟ್ಸ್ಆ್ಯಪಿನಲ್ಲಿ ಹರಿಬಿಟ್ಟ ಫೋಟೋ ನಾಳೆ ಸಾಕ್ಷಿಯಾದೀತು.

ಕೊಳ್ಳುವವರು, ತಿನ್ನುವವರು

ತುಂಡು ಮಾಡಿ ಇಟ್ಟ ಮುರುವಿನಲ್ಲಿ ಜಾತಿ ಗುರುತಿಸಲು ಆಗುವುದಿಲ್ಲ. ಆದ್ದರಿಂದ ಇಡೀ ಮೀನು ನೋಡಿ ಕೊಳ್ಳಿ, ತೂಕ ಐದಾರು ಕಿಲೋದೊಳಗಿನದನ್ನು ಆರಿಸಿ, ರೆಕ್ಕೆ ಮತ್ತು ಮೈಯ ಚುಕ್ಕಿ ಗಮನಿಸಿ. ಬಹಳ ದೊಡ್ಡ ಮುರುವನ್ನು ಬಿಡಲು ಹೊಟ್ಟೆಯ ಕಾರಣವೂ ಇದೆ. ಹವಳದ ಬಂಡೆಯ ದೊಡ್ಡ ಬೇಟೆಮೀನುಗಳಲ್ಲಿ ಸಿಗ್ವಾಟಾಕ್ಸಿನ್ ಎಂಬ ವಿಷ ಶೇಖರವಾಗಿರಬಹುದು. ಅದಕ್ಕೆ ರುಚಿಯಿಲ್ಲ, ವಾಸನೆಯಿಲ್ಲ; ಎಷ್ಟು ಬೇಯಿಸಿದರೂ, ಹುರಿದರೂ ಹೋಗುವುದಿಲ್ಲ. ವಾಂತಿ ಭೇದಿಯ ಜೊತೆ ಕೈಕಾಲು ಜೋಮು, ತಣ್ಣನೆಯದು ಮುಟ್ಟಿದರೆ ಸುಟ್ಟಂತಾಗುವ ವಿಚಿತ್ರ ಲಕ್ಷಣ ಕಂಡರೆ ಆಸ್ಪತ್ರೆಯಲ್ಲಿ ಏನು ಮೀನು ತಿಂದಿರೆಂದು ಮರೆಯದೆ ಹೇಳಿ.

ವಿದೇಶದಲ್ಲಿರುವ ಕನ್ನಡಿಗರಿಗೆ ಒಂದು ಸೂಚನೆ. ತೈವಾನ್, ಮಲೇಷ್ಯಾಗಳಲ್ಲಿ ಇದನ್ನೂ ಇದರ ಮಿಶ್ರತಳಿಗಳನ್ನೂ ಸಾಕುತ್ತಾರೆ. ಹಾಂಕಾಂಗಿನ ಹೋಟೆಲುಗಳ ತೊಟ್ಟಿಗಳಲ್ಲಿ ಕಾಣುವುದು ಹಲವು ಬಾರಿ ಅಂಥ ಸಾಕಿದ ಮೀನು. ಅಲ್ಲಿ ಸರಾಗವಾಗಿ ತಿಂದೆವೆಂದು ಇಲ್ಲಿ ಕೇಳಿದರೆ ಕಾನೂನು ಬೇರೆ.

ನೇತ್ರಾಣಿಯಲ್ಲಿ, ಅಳಿವೆಯಲ್ಲಿ

ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರದ ನೇತ್ರಾಣಿಯ ಸುತ್ತ ಹವಳವಿದೆ, ಮುರುಗಳೂ ಇವೆ. ನೀರಿಗಿಳಿದಾಗ ಪೊಟರೆಯ ಬಾಯಿಗೆ ಅಡ್ಡ ನಿಲ್ಲಬೇಡಿ. ಮೀನಿಗೆ ಹೊರಹೋಗುವ ದಾರಿ ಬಿಡಿ. ಏನನ್ನೂ ತಿನ್ನಿಸಬೇಡಿ. ಮನುಷ್ಯರ ಕೈ ನೋಡಿ ಹತ್ತಿರ ಬರಲು ಕಲಿತ ದೊಡ್ಡ ಮೀನನ್ನು ಈಟಿಯವನು ಹುಡುಕಬೇಕಾಗಿಯೇ ಇಲ್ಲ. ದೊಡ್ಡ ಮುರುವಿನ ಚಿತ್ರ ಸಿಕ್ಕರೆ ಹಂಚಿಕೊಳ್ಳಿ, ಆದರೆ ಯಾವ ಬಂಡೆ, ಎಷ್ಟು ಆಳ ಎಂಬುದನ್ನು ಹೊರಗೆ ಹೇಳದೆ ಸಂಶೋಧಕರಿಗೆ ಮಾತ್ರ ತಿಳಿಸಿ.

ಅಳಿವೆಯ ಪಕ್ಕದಲ್ಲಿ ಮನೆಯಿರುವವರಿಗೆ ಕೆಲಸ ಬೇರೆ. ಅಘನಾಶಿನಿಯಂಥ ಅಳಿವೆಗಳ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬುಡದಲ್ಲಿ ಏಡಿ, ಸಿಗಡಿ, ಮೀನುಮರಿ ಎಲ್ಲ ಬೆಳೆಯುತ್ತವೆ. ಅಲ್ಲಿ ಮಣ್ಣು ತುಂಬಿಸುವುದು, ಕಾಂಡ್ಲಾ ಕಡಿಯುವುದು ಕಂಡರೆ ಪಂಚಾಯಿತಿಗೂ ಅರಣ್ಯ ಇಲಾಖೆಗೂ ಬರಹದಲ್ಲಿ ದೂರು ಕೊಡಿ. ಸಣ್ಣ ಕಣ್ಣಿನ ಬಲೆ ಎಳೆಯುವಾಗ ಹಳದಿ ಕಪ್ಪು ಮರಿ ಕಂಡರೆ ದಡದ ಮೇಲೆ ಎಸೆಯದೆ ನೀರಿಗೆ ಹಾಕಿ. ಇಷ್ಟಕ್ಕೆ ಯಾವ ಸಲಕರಣೆಯೂ ಬೇಡ.

ಕೊನೆಗೆ, ಬಲೆಯ ಲೆಕ್ಕ

ಬಲೆ ಕತ್ತರಿಸಿ ಎಂದು ಉಪದೇಶಿಸುವವರು ಬಲೆಯ ದುಡ್ಡು ಯಾರು ಕೊಡುತ್ತಾರೆ ಎಂಬುದನ್ನೂ ಹೇಳಬೇಕು. ಮಹಾರಾಷ್ಟ್ರ ಸರ್ಕಾರ 2018ರಲ್ಲಿ ಒಂದು ಯೋಜನೆ ತಂದಿತು: ಸಂರಕ್ಷಿತ ಕಡಲಜೀವಿಯನ್ನು ಬಿಡಿಸಲು ಬಲೆ ಕತ್ತರಿಸಿದ ಮೀನುಗಾರನಿಗೆ 25,000 ರೂಪಾಯಿವರೆಗೆ ಪರಿಹಾರ. ಬಿಡಿಸಿದ್ದಕ್ಕೆ ಫೋಟೋ ಪುರಾವೆ ಬೇಕು. ಗುಜರಾತಿನಲ್ಲಿ ತಿಮಿಂಗಿಲ ಶಾರ್ಕ್ ಉಳಿಸುವ ಕೆಲಸ ಯಶಸ್ವಿಯಾದದ್ದರಲ್ಲೂ ಬಲೆಯ ಪರಿಹಾರದ ಪಾಲಿದೆ. ನಿಮ್ಮ ಊರಿನ ಮೀನುಗಾರರ ಸಹಕಾರಿ ಸಂಘದ ಸಭೆಯಲ್ಲಿ ಈ ವಿಷಯ ಎತ್ತಿ, ಮೀನುಗಾರಿಕೆ ಇಲಾಖೆಯ ಕಚೇರಿಯಲ್ಲಿ ಸದ್ಯ ಯಾವ ಸಹಾಯ ಸಿಗುತ್ತದೆಂದು ಕೇಳಿ, ಉತ್ತರವನ್ನು ಬರಹದಲ್ಲಿ ಪಡೆದುಕೊಳ್ಳಿ. ಅಲ್ಲಿಯವರೆಗೆ ದೋಣಿ ನಡೆಸುವ ತಾಂಡೇಲರ ಮೊಬೈಲಿಗೊಂದು ನೀರು ಹೋಗದ ಕವರು ಕೊಡಿಸಿ. ಬಲೆಯಲ್ಲಿ ಮೀನಿರುವಾಗ ಒಂದು ಚಿತ್ರ, ಕತ್ತರಿಸುವಾಗ ಒಂದು, ಮೀನು ಈಜಿ ಹೋಗುವಾಗ ಹತ್ತು ಸೆಕೆಂಡಿನ ವಿಡಿಯೋ, ಜೊತೆಗೆ ಜಿಪಿಎಸ್ ಪರದೆಯ ಒಂದು ಚಿತ್ರ. ಪರಿಹಾರಕ್ಕೆ ಅರ್ಜಿ ಹಾಕುವಾಗ ಇವು ಪುರಾವೆಯಾಗುತ್ತವೆ.